ಕಸಾರಾ ಹಳಿ ದಾಟಿ ಬಂದ ಅಜ್ಜ

ಠಾಣೆಯ ಕೋಪರಿಯವರಾದ ನಮಗೆ ಖಾಡಿ (ಕಡಲ ಹಿನ್ನೀರು) ಅಂದರೆ ಉಬ್ಬರ ಇಳಿತ, ಕಾಂಡ್ಲಾ ಗಿಡ, ಕೆಸರಿನ ವಾಸನೆ. ಉಲ್ಹಾಸ್ ನದಿ ಠಾಣೆಯ ಹತ್ತಿರ ಎರಡಾಗಿ ಒಡೆಯುತ್ತದೆ. ಒಂದು ಕವಲು ನಮ್ಮ ಪಕ್ಕದ ಠಾಣೆ ಖಾಡಿ, ಇನ್ನೊಂದು ವಸಈ ಖಾಡಿ. 2009ರಲ್ಲಿ ಆ ಇನ್ನೊಂದನ್ನು ಒಂದು ಗಂಡು ಚಿರತೆ ಈಜಿ ದಾಟಿತು.

ಅಂದಿನ ಅಹ್ಮದ್‌ನಗರ ಜಿಲ್ಲೆಯ ಟಾಕಳಿ ಢೋಕೇಶ್ವರದಲ್ಲಿ ಬಾವಿಗೆ ಬಿದ್ದಿದ್ದ ಪ್ರಾಣಿ ಅದು. ವಿಜ್ಞಾನಿ ವಿದ್ಯಾ ಆತ್ರೇಯ ಅದಕ್ಕೆ ‘ಆಜೋಬಾ’, ಅಂದರೆ ಅಜ್ಜ, ಎಂದು ಹೆಸರಿಟ್ಟರು. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಟ್ಟರು. ಇಂಥ ಪಟ್ಟಿ ಉಪಗ್ರಹದಿಂದ ತಾನಿರುವ ಜಾಗ ತಿಳಿದು, ಮೊಬೈಲ್ ನೆಟ್‌ವರ್ಕ್ ಸಿಕ್ಕಾಗ ಸಂದೇಶ ಕಳಿಸುತ್ತದೆ. ಸುಮಾರು 25 ದಿನಗಳಲ್ಲಿ ಅಜ್ಜ 120 ಕಿ.ಮೀ. ನಡೆದು, ಮುಂಬೈ–ಆಗ್ರಾ ಹೆದ್ದಾರಿಯನ್ನೂ ಕಸಾರಾ ಬಳಿಯ ರೈಲು ಹಳಿಯನ್ನೂ ದಾಟಿ ಮುಂಬೈಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ನಾವು ಸೀಟಿಗಾಗಿ ಜಗಳಾಡುವ ಕಸಾರಾ ಲೋಕಲ್ ಓಡುವುದೂ ಆ ಹಳಿಯ ಮೇಲೆಯೇ!

ಇಷ್ಟು ಜನರ ನಡುವೆ ಕಣ್ಣಿಗೆ ಬೀಳದೆ ಬಂದದ್ದು ಹೇಗೆ? ಜಿಗಿತದ ಬಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಗುಟ್ಟಿರುವುದು ಹೆಗಲಲ್ಲಿ. ನಿಮ್ಮ ಕತ್ತಿನ ಬುಡದ ಮೂಳೆ ಮುಟ್ಟಿ ನೋಡಿ. ಅದು ಎದೆಯ ಮೂಳೆಯಿಂದ ಹೆಗಲಿಗೆ ಗಟ್ಟಿಯಾಗಿ ಕೂಡಿಕೊಂಡಿದೆ. ಬೆಕ್ಕಿನ ಜಾತಿಯಲ್ಲಿ ಆ ಮೂಳೆ ಸಣ್ಣ ಚೂರು. ಯಾವ ಮೂಳೆಗೂ ಅಂಟದೆ ಮಾಂಸದೊಳಗೆ ತೇಲುತ್ತದೆ. ಹಾಗಾಗಿ ಹೆಗಲು ಒಳಕ್ಕೆ ಮಡಚಿಕೊಳ್ಳುತ್ತದೆ. ಅಡುಗೆಮನೆ ಕಿಟಕಿಯ ಗ್ರಿಲ್‌ನಲ್ಲಿ ಬೆಕ್ಕು ಮೊದಲು ತಲೆ ತೂರಿಸಿ, ಆಮೇಲೆ ಮೈಯನ್ನು ನೀರಿನಂತೆ ಸುರಿದುಬಿಡುವುದನ್ನು ನೋಡಿದ್ದೀರಲ್ಲ? ಅದೇ.

ಇನ್ನು ಕಾಲು. ನಡೆಯುವಾಗ ಉಗುರು ಒಳಗೇ ಇರುತ್ತದೆ, ನೆಲಕ್ಕೆ ತಾಗುವುದು ಮೆತ್ತೆ ಮಾತ್ರ. ಹುಷಾರಾಗಿ ಹೆಜ್ಜೆಯಿಡುವಾಗ ಮುಂಗಾಲು ಊರಿದ ಜಾಗಕ್ಕೇ ಹಿಂಗಾಲೂ ಬರುತ್ತದೆ. ನಾಲ್ಕು ಕಾಲಿಗೆ ಎರಡೇ ಕಾಲಿನ ಸದ್ದು. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದೆ. ರೆಟಿನಾ ದಾಟಿಹೋದ ಬೆಳಕನ್ನು ಅದು ಮತ್ತೆ ರೆಟಿನಾಕ್ಕೇ ತಿರುಗಿಸುತ್ತದೆ. ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುವುದು ಅದಕ್ಕೇ.

ಚಿರತೆಯ ಮೈಮೇಲಿನ ಚುಕ್ಕೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಕ್ಯಾಮೆರಾಕ್ಕೆ ಸಿಕ್ಕ ಚುಕ್ಕೆ ಹೋಲಿಸಿಯೇ 2015ರಲ್ಲಿ ಉದ್ಯಾನ ಮತ್ತು ಸುತ್ತಮುತ್ತ 35 ಚಿರತೆ ಎಣಿಸಿದರು, 2018ರಲ್ಲಿ 47. ಈ ಚಿರತೆಗಳ ಆಹಾರದಲ್ಲಿ ಬೀದಿನಾಯಿಗಳ ಪಾಲೂ ದೊಡ್ಡದು. ಕಸದ ರಾಶಿಗೆ ನಾಯಿ, ನಾಯಿಗೆ ಚಿರತೆ. ಕಾಡಿನಂಚಿನ ಸೊಸೈಟಿಯವರು ಬೇಲಿಗಿಂತ ಮೊದಲು ಕಸದ ತೊಟ್ಟಿ ನೋಡಿಕೊಳ್ಳಬೇಕು. ಕೆಲವೊಮ್ಮೆ ಚಿರತೆ ಊರೊಳಗೂ ಬರುತ್ತದೆ. 2019ರ ಫೆಬ್ರವರಿ 20ರ ಬೆಳಗಿನ ಜಾವ ಠಾಣೆಯ ಕೋರಂ ಮಾಲ್‌ಗೂ ಒಂದು ಬಂದಿತ್ತು. ಕೊನೆಗೆ ಹತ್ತಿರದ ಹೋಟೆಲೊಂದರ ಆವರಣದಲ್ಲಿ ಅರಿವಳಿಕೆ ಕೊಟ್ಟು ಹಿಡಿದರು.

ಆಜೋಬಾ 2011ರಲ್ಲಿ ಹೆದ್ದಾರಿಯೊಂದರಲ್ಲಿ ವಾಹನ ಬಡಿದು ಸತ್ತಿತು. ಅದು ಆಜೋಬಾನೇ ಎಂದು ಗೊತ್ತಾದದ್ದು ಚರ್ಮದಡಿ ಇಟ್ಟಿದ್ದ ಮೈಕ್ರೋಚಿಪ್‌ನಿಂದ.