ರುಬ್ಬುವ ಯಂತ್ರಕ್ಕೆ ಎಷ್ಟು ಅಶ್ವಶಕ್ತಿ?

ಮನೆಗೆ ರುಬ್ಬುವ ಯಂತ್ರವನ್ನೋ ಖೈಮಾ ಯಂತ್ರವನ್ನೋ ಕೊಳ್ಳಲು ಶಿವಮೊಗ್ಗದ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ದಪ್ಪ ಅಂಕಿ. ಒಂದರ ಮೇಲೆ 150 ವ್ಯಾಟ್, ಇನ್ನೊಂದರ ಮೇಲೆ 750, ಮತ್ತೊಂದರ ಮೇಲೆ 1500. ಅಂಕಿ ದೊಡ್ಡದಾದಷ್ಟೂ ಯಂತ್ರ ಗಟ್ಟಿ ಎಂದು ನಂಬಿ ಹಣ ತೆತ್ತು ಬರುವವರುಂಟು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದನಗರದ ಕಾರ್ಖಾನೆಯಲ್ಲೋ ದುಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ಅಲ್ಲಿಯ ಮೋಟಾರುಗಳಿಗೆ ಬಡಿದ ತಗಡಿನಲ್ಲಿರುವ ಅಶ್ವಶಕ್ತಿ, ಮೋಟಾರು ಹೊರಗೆ ಕೊಡಬಲ್ಲ ಕೆಲಸದ ಅಳತೆ. ಒಂದು ಅಶ್ವಶಕ್ತಿಗೆ 746 ವ್ಯಾಟ್. ಅಡಿಗೆಮನೆಯ ಯಂತ್ರದ ಮೇಲಿನ ವ್ಯಾಟ್ ಸಾಮಾನ್ಯವಾಗಿ ಅದು ಒಳಗೆ ಎಳೆದುಕೊಳ್ಳುವ ವಿದ್ಯುತ್ತು. ಅದರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆ. ಉಳಿದದ್ದಷ್ಟೇ ಕಲ್ಲನ್ನು ತಿರುಗಿಸುತ್ತದೆ.

ಖೈಮಾ ಯಂತ್ರದಲ್ಲಿ ವ್ಯಾಪಾರದ ಜಾಣತನ ಇನ್ನೂ ಒಂದಿದೆ. ಮಾಂಸದ ನರ ಸುತ್ತಿಕೊಂಡು ಮೋಟಾರು ತಿರುಗದೆ ನಿಂತಾಗ ಎಳೆಯುವ ವಿದ್ಯುತ್ತನ್ನೇ ಕೆಲವರು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಅದು ಯಂತ್ರದ ಬಲವಲ್ಲ, ಸಂಕಟ! ಯಂತ್ರವನ್ನು ಮಗುಚಿ, ತಳದ ಚೀಟಿಯಲ್ಲಿ ‘ರೇಟೆಡ್’ ಎಂಬ ಮಾತಿನ ಮುಂದಿರುವ ಅಂಕಿಯನ್ನು ಓದಿ. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡುವು ಕೊಡಬೇಕೆಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಹಾಗಾದರೆ 150 ವ್ಯಾಟಿನ ಗ್ರೈಂಡರು ದೋಸೆಹಿಟ್ಟಿನ ಕಲ್ಲನ್ನು ಹೇಗೆ ತಿರುಗಿಸುತ್ತದೆ? ನಿಧಾನದಿಂದ. ಬೆಲ್ಟೋ ಹಲ್ಲುಚಕ್ರವೋ ವೇಗವನ್ನು ತಗ್ಗಿಸಿದಾಗ ತಿರುಚುವ ಬಲ ಹೆಚ್ಚುತ್ತದೆ. ಮಿಕ್ಸಿಯ ಅಲಗು ಮಿಂಚಿನಂತೆ ಸುತ್ತಬೇಕಾದ್ದರಿಂದ ಅದಕ್ಕೆ 750 ಬೇಕಾಗುತ್ತದೆ. ಖರ್ಚಿನ ಲೆಕ್ಕ ನೋಡಿ: ಗ್ರೈಂಡರು 40 ನಿಮಿಷ ಓಡಿದರೂ, ಮಿಕ್ಸಿ 8 ನಿಮಿಷ ಓಡಿದರೂ, ಪೂರ್ಣ ವ್ಯಾಟಿನಲ್ಲಿ ಸುಡುವುದು ಯೂನಿಟ್ಟಿನ ಹತ್ತನೆಯ ಒಂದು ಪಾಲನ್ನೇ.

ಮಳೆಗಾಲದ ಸಂಜೆ ದೀಪ ಮಂಕಾಗುವ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ಗ್ರೈಂಡರಿನ ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟು 180ಕ್ಕೆ ಬಂದರೆ ಬಲ ಉಳಿಯುವುದು ಶೇಕಡಾ 61 ಮಾತ್ರ. ಆಗ ಉದ್ದು ತುಂಬಿದ ಕಲ್ಲು ನಿಂತು ಮೋಟಾರು ಬರಿದೇ ಗುಂಯ್‌ಗುಟ್ಟುತ್ತದೆ. ಹಾಗೆಯೇ ಬಿಟ್ಟರೆ ಸುರುಳಿ ಸುಟ್ಟೀತು. ಒಡನೆ ಆರಿಸಿ, ಹಿಟ್ಟನ್ನು ಅರ್ಧ ತೆಗೆದು, ವೋಲ್ಟೇಜು ಏರಿದ ಮೇಲೆ ಹಾಕಿ.

ಖೈಮಾ ಯಂತ್ರ ಕಚ್ಚಿಕೊಂಡರೆ ಮೊದಲು ಪ್ಲಗ್ಗು ಕೀಳಿ, ಆಮೇಲೆ ಬಿಚ್ಚಿ ನರ ತೆಗೆಯಿರಿ. ಮಾಂಸವನ್ನು ಮೊದಲೇ ತಣ್ಣಗೆ ಮಾಡಿ, ನರ ಬಿಡಿಸಿ, ಬೆರಳುದ್ದದ ಪಟ್ಟಿಗಳಾಗಿ ಕೊಯ್ದರೆ ಸಣ್ಣ ಮೋಟಾರಿನಲ್ಲಿಯೂ ಕೆಲಸ ಸಾಗುತ್ತದೆ.