ಪೀಠವೇರಿದರೂ ಬಿಡದ ಪಕ್ಷ

ಸ್ಪೀಕರ್ ಆಗಿ ಕೆ.ಜಿ. ಬೋಪಯ್ಯನವರ ಹೆಸರು ಬಂದಾಗಲೆಲ್ಲ 2010ರ ಅಕ್ಟೋಬರ್ ನೆನಪಾಗುತ್ತದೆ. 2004ರಲ್ಲಿ ಮಡಿಕೇರಿಯಿಂದ, 2008ರಲ್ಲಿ ವಿರಾಜಪೇಟೆಯಿಂದ ಬಿಜೆಪಿ ಶಾಸಕರಾಗಿ ಗೆದ್ದ ಅವರು 2009ರ ಕೊನೆಗೆ ವಿಧಾನಸಭೆಯ ಸ್ಪೀಕರ್ ಆದರು. ವರ್ಷ ತುಂಬುವ ಮೊದಲೇ ಅವರದೇ ಪಕ್ಷದ 11 ಶಾಸಕರು ಮತ್ತು 5 ಪಕ್ಷೇತರರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ನೀಡಿದ್ದ ಬೆಂಬಲ ಹಿಂತೆಗೆದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಅಕ್ಟೋಬರ್ 7ರಂದು ಸ್ಪೀಕರ್ ಕಚೇರಿಯಿಂದ ಅವರಿಗೆ ಅನರ್ಹತೆಯ ನೋಟಿಸ್ ಹೊರಟಿತು. 10ರ ಸಂಜೆ 5 ಗಂಟೆಯೊಳಗೆ ಉತ್ತರ ಕೊಡಬೇಕಿತ್ತು. ನಿಯಮ ಹೇಳುವುದು ಏಳು ದಿನ. 10ರಂದೇ 16 ಮಂದಿಯೂ ಅನರ್ಹರಾದರು. 11ರ ಧ್ವನಿಮತ ವಿವಾದವಾಗಿ, 14ರಂದು ಮತ್ತೆ ವಿಶ್ವಾಸಮತ ನಡೆದಾಗ ಸರ್ಕಾರದ ಪರ 106, ವಿರುದ್ಧ 100. ಹೊರಗಿದ್ದವರು 16, ಗೆಲುವಿನ ಅಂತರ 6. ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ರದ್ದುಮಾಡಿತು. ಕೋರ್ಟ್ ಸರಿಪಡಿಸಿತಲ್ಲ, ವ್ಯವಸ್ಥೆ ಕೆಲಸ ಮಾಡಿದೆ ಎಂದು ಕೆಲವರು ಹೇಳಬಹುದು. ಆದರೆ ತೀರ್ಪು ಬರಲು ಏಳು ತಿಂಗಳು ಹಿಡಿಯಿತು. ಮತ ಎಣಿಕೆಯಾದದ್ದು ನಾಲ್ಕೇ ದಿನದಲ್ಲಿ. ಹಾಗೆಂದು ಇದನ್ನು ಒಬ್ಬ ವ್ಯಕ್ತಿಯ ತಪ್ಪೆಂದು ಮುಗಿಸಿಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಪಕ್ಷಾಂತರದ ನ್ಯಾಯಾಧೀಶನನ್ನಾಗಿ ನಾವು ಕೂರಿಸುವುದು ಮುಂದಿನ ಚುನಾವಣೆಗೆ ಪಕ್ಷದ ಟಿಕೆಟ್ ಬೇಕಾದವರನ್ನು. ಯಾವ ಪಕ್ಷದವರು ಕೂತರೂ ಆ ಒತ್ತಡ ತಪ್ಪದು. ಅದಕ್ಕೇ ಸ್ಪೀಕರ್ ಆದವರು ಪಕ್ಷ ತೊರೆಯಬೇಕು ಎನ್ನುತ್ತೇನೆ.

ಸ್ಪೀಕರ್ ಆದ ಕೂಡಲೇ ರಾಜಕಾರಣಿಯ ಮನಸ್ಸು ಬದಲಾಗುತ್ತದೆಯೇ, ಪಕ್ಷಕ್ಕೆ ರಾಜೀನಾಮೆ ಬರೀ ತೋರಿಕೆಯಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಮನಸ್ಸನ್ನು ಕಾನೂನು ತಿದ್ದಲಾರದು, ಪಕ್ಷದ ಹಿಡಿತವನ್ನು ಸಡಿಲಿಸಬಲ್ಲದು. ಬ್ರಿಟನ್ನಿನಲ್ಲಿ ಸ್ಪೀಕರ್ ಪಕ್ಷ ಬಿಡುತ್ತಾರೆ. ಮುಂದಿನ ಚುನಾವಣೆಯಲ್ಲಿ ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಅವರೆದುರು ನಿಲ್ಲುವುದಿಲ್ಲ. ನೇಪಾಳದ 2015ರ ಸಂವಿಧಾನ ಸ್ಪೀಕರ್ ಮತ್ತು ಉಪ ಸ್ಪೀಕರ್ ಬೇರೆ ಬೇರೆ ಪಕ್ಷದವರಿರಬೇಕು, ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು ಎಂದಿದೆ. ನಮ್ಮಲ್ಲೂ ದಾರಿಯಿದೆ. ಸ್ಪೀಕರ್ ಆಗಿ ಆಯ್ಕೆಯಾದವರು ಪಕ್ಷ ತೊರೆದರೂ, ಸ್ಥಾನ ಬಿಟ್ಟ ಮೇಲೆ ಮತ್ತೆ ಸೇರಿದರೂ ಅನರ್ಹರಾಗುವುದಿಲ್ಲ ಎಂದು ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯೇ ಹೇಳುತ್ತದೆ. ಆ ಕಾನೂನು ಬರುವುದಕ್ಕೂ ಮೊದಲೇ, 1967ರಲ್ಲಿ ಲೋಕಸಭೆಯ ಸ್ಪೀಕರ್ ಆದ ನೀಲಂ ಸಂಜೀವ ರೆಡ್ಡಿ ಕಾಂಗ್ರೆಸ್ ತೊರೆದಿದ್ದರು. ಅವರ ಹಾದಿ ಹಿಡಿದವರು ತೀರಾ ಕಡಿಮೆ.

ವಿರಾಜಪೇಟೆಯ ಮತದಾರರು 2013ರಲ್ಲೂ 2018ರಲ್ಲೂ ಬೋಪಯ್ಯನವರನ್ನು ಮತ್ತೆ ಗೆಲ್ಲಿಸಿದರು. ಊರಿನವರ ವಿಶ್ವಾಸ ಅವರಿಗಿತ್ತು; ಕುಗ್ಗಿದ್ದು ಪೀಠದ ಮೇಲಿನ ವಿಶ್ವಾಸ. 2018ರ ಮೇನಲ್ಲಿ ಅವರನ್ನು ಹಂಗಾಮಿ ಸ್ಪೀಕರ್ ಮಾಡಿದಾಗ ಕಾಂಗ್ರೆಸ್, ಜೆಡಿಎಸ್ ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟ್ ಅವರನ್ನು ಬದಲಿಸಲಿಲ್ಲ, ಕಲಾಪವನ್ನು ನೇರ ಪ್ರಸಾರ ಮಾಡಿಸಿತು. ಮೇ 19ರ ವಿಶ್ವಾಸಮತದಲ್ಲಿ ಮತ ಎಣಿಸುವ ಪ್ರಸಂಗವೇ ಬರಲಿಲ್ಲ. ಆಗ ಮತ್ತೆ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಅದಕ್ಕೆ ಮೊದಲೇ ರಾಜೀನಾಮೆ ಘೋಷಿಸಿದರು.