ಟೀಪಾಯಿ ಮತ್ತು ಆಸಾಡಿ ಮಳೆ

ಆಸಾಡಿ ತಿಂಗಳಲ್ಲಿ ಬಾಗಿಲು ಮುಚ್ಚಲು ಭುಜ ಕೊಡಬೇಕು. ಮಾಘ ಮಾಸದಲ್ಲಿ ಅದೇ ಬಾಗಿಲು ಕಿರುಬೆರಳು ತಾಗಿಸಿದರೆ ಮುಚ್ಚಿಕೊಳ್ಳುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮರದ ಬಾಗಿಲಿರುವ ಮನೆಯವರಾರಿಗೂ ಇದು ಹೊಸ ಸುದ್ದಿಯಲ್ಲ. ಮಳೆಗಾಲದಲ್ಲಿ ಆಚಾರ್ರನ್ನು ಕರೆಸಿ ಬಾಗಿಲಿನ ಅಂಚು ಕೀಸಿಸುವುದು, ಬೇಸಗೆಯಲ್ಲಿ ಅದೇ ಅಂಚಿನ ಸಂದಿಯಿಂದ ಹಲ್ಲಿ ಒಳಗೆ ಬರುವುದನ್ನು ಕಂಡು ‘ಹೆಚ್ಚೇ ಕೀಸಿದರು’ ಎಂದು ಗೊಣಗುವುದು ನಮ್ಮಲ್ಲಿ ವಾಡಿಕೆ. ತಪ್ಪು ಆಚಾರ್ರದ್ದಲ್ಲ. ಕಡಿದು, ಕೊಯ್ದು, ಕೀಸಿ, ಪಾಲಿಷು ಕೊಟ್ಟ ಮೇಲೂ ಮರವು ಗಾಳಿಯ ತೇವದೊಂದಿಗೆ ತನ್ನ ಕೊಡುಕೊಳೆಯನ್ನು ನಿಲ್ಲಿಸುವುದಿಲ್ಲ. ಮನೆಯಲ್ಲೇ ಒಂದು ಟೀಪಾಯಿ ಮಾಡಿಕೊಳ್ಳೋಣವೆಂದು ಹೊರಟವರು ಮೊದಲು ತಿಳಿದಿರಬೇಕಾದ ಸಂಗತಿ ಇದೊಂದೇ. ಉಳಿದದ್ದು ಕೈಗೆ ಅಭ್ಯಾಸದಿಂದ ಬರುತ್ತದೆ.

ಟೀಪಾಯಿ ಎಂಬ ಹೆಸರಿನಲ್ಲೇ ಒಂದು ತಮಾಷೆಯಿದೆ. ಚಹಾ ಇಡುವುದರಿಂದ ಟೀಪಾಯಿ ಎಂದು ಹೆಚ್ಚಿನವರ ನಂಬಿಕೆ. ಚಹಾಕ್ಕೂ ಅದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ. ಹಿಂದಿಯ ‘ತಿಪಾಯಿ’, ಅಂದರೆ ಮೂರು ಕಾಲಿನದು, ಇಂಗ್ಲಿಷರ ಬಾಯಲ್ಲಿ ‘ಟೀಪಾಯ್’ ಆಯಿತು. ಅವರ ನಾಡಿಗೆ ಹೋದ ಮೇಲೆ ‘ಟೀ’ ಎಂಬ ಧ್ವನಿ ಚಹಾವನ್ನು ಎಳೆದು ತಂದಿತು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶ ಈ ಮೂಲವನ್ನು ಗುರುತಿಸಿದೆ. ಕನ್ನಡದಲ್ಲಿ ಅದಕ್ಕೆ ನೇರವಾದ ‘ಮುಕ್ಕಾಲಿ’ ಇದ್ದೇ ಇದೆ. ಇಂದು ನಾವು ನಾಲ್ಕು ಕಾಲಿನ ಟೀಪಾಯಿ ಎನ್ನುವಾಗ ನಾಲ್ಕು ಕಾಲಿನ ಮುಕ್ಕಾಲಿ ಎಂದಂತಾಯಿತು. ಮೂರು ಕಾಲಿಗೂ ಕಾರಣವಿತ್ತು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಹಾಗಾಗಿ ಮೂರು ಕಾಲಿನ ಪೀಠ ಸೆಗಣಿ ಸಾರಿಸಿದ ಏರುತಗ್ಗಿನ ನೆಲದಲ್ಲೂ ಅಲ್ಲಾಡದೆ ನಿಲ್ಲುತ್ತದೆ. ನಾಲ್ಕನೆಯ ಕಾಲು ಬಂದದ್ದೇ ತಡ, ಅದರಡಿಗೆ ಮಡಚಿದ ಕಾಗದವೂ ಬಂತು.

ಇನ್ನು ಮರದ ವಿಷಯ. ಮರವೆಂದರೆ ಉದ್ದುದ್ದದ ಸೂಕ್ಷ್ಮ ಕೊಳವೆಗಳ ಕಟ್ಟು. ಗದ್ದೆಯಂಚಿನಲ್ಲಿ ನಿಲ್ಲಿಸಿದ ಹುಲ್ಲಿನ ಸೂಡಿಯನ್ನು ಕಣ್ಣೆದುರು ತಂದುಕೊಳ್ಳಿ. ಪ್ರತಿಯೊಂದು ಕಡ್ಡಿಯೂ ನೀರು ಕುಡಿದು ದಪ್ಪಗಾದರೆ ಸೂಡಿ ಅಗಲವಾಗುತ್ತದೆಯೇ ಹೊರತು ಉದ್ದವಾಗುವುದಿಲ್ಲ. ಮರವೂ ಹಾಗೆಯೇ. ಉದ್ದದಲ್ಲಿ ಅದರ ಹಿಗ್ಗು-ಕುಗ್ಗು ಲೆಕ್ಕಕ್ಕಿಲ್ಲದಷ್ಟು. ಅಗಲದಲ್ಲಿ ಮಾತ್ರ ಧಾರಾಳ. ಅಗಲದಲ್ಲೂ ಎರಡು ಬಗೆ. ಹಲಗೆಯ ತುದಿಯನ್ನು ನೋಡಿ: ವರ್ಷದ ಉಂಗುರಗಳ ಗೆರೆ ಮಲಗಿದ್ದರೆ ಆ ಹಲಗೆ ಹೆಚ್ಚು ಉಬ್ಬುತ್ತದೆ, ಗೆರೆ ನಿಂತಿದ್ದರೆ ಸುಮಾರು ಅದರ ಅರ್ಧದಷ್ಟು. ಮರದ ಮಿಲ್ಲಿನಲ್ಲಿ ಹಲಗೆ ಆರಿಸುವವರು ಮುಖದ ಚಂದ ನೋಡುವ ಮೊದಲು ತುದಿಯನ್ನು ತಿರುಗಿಸಿ ನೋಡುವುದು ಈ ಕಾರಣಕ್ಕೆ.

ಲೆಕ್ಕ ಹಾಕಿಯೇ ಬಿಡೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಆ ದಿನಗಳಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90ರ ಆಸುಪಾಸು. ಅಂಥ ಗಾಳಿಯಲ್ಲಿ ಬಹುಕಾಲವಿದ್ದ ಮರ ತನ್ನ ಒಣತೂಕದ ಶೇಕಡಾ 18-20ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರ್ದ್ರತೆ ಶೇಕಡಾ 60-65ಕ್ಕೆ ಇಳಿದಾಗ ಅದೇ ಮರದಲ್ಲಿ ಶೇಕಡಾ 11-12 ಮಾತ್ರ ಉಳಿಯುತ್ತದೆ. ಹೆಚ್ಚು ಮಿಸುಕದ ಮರವೆಂದು ಹೆಸರಾದ ಸಾಗುವಾನಿಯಲ್ಲೂ, ಗೆರೆ ಮಲಗಿದ ಹಲಗೆಗಳಿಂದ ಮಾಡಿದ ಒಂದೂವರೆ ಅಡಿ ಅಗಲದ ಟೀಪಾಯಿ ಮುಖ ಈ ವ್ಯತ್ಯಾಸಕ್ಕೆ 5 ಮಿ.ಮೀ.ನಷ್ಟು ಬದಲಾಗಬಲ್ಲದು. ಪಾಲಿಷು ಕೊಟ್ಟು ಮನೆಯೊಳಗೆ ಇಟ್ಟರೆ ಅದು ಮೂರೋ ನಾಲ್ಕೋ ಆದೀತು, ಸೊನ್ನೆಯಾಗದು. ಐದು ಮಿ.ಮೀ. ಎಷ್ಟರ ಮಹಾ ಎನ್ನಬೇಡಿ. ಉಬ್ಬುವ ಮರಕ್ಕೆ ಕಲ್ಲನ್ನೇ ಸೀಳುವ ಬಲವಿದೆ. ಬಂಡೆಯಲ್ಲಿ ಸಾಲಾಗಿ ಕೊರೆದ ಕುಳಿಗಳಿಗೆ ಒಣ ಮರದ ಬೆಣೆ ಬಡಿದು, ನೀರೆರೆದು, ಕಲ್ಲು ಒಡೆಯುತ್ತಿದ್ದ ಪದ್ಧತಿ ಹಳೆಯದು. ಅಂಥ ಬಲದೆದುರು ನಾಲ್ಕು ಮೊಳೆ, ಒಂದಿಷ್ಟು ಅಂಟು ನಿಂತೀತೇ?

ಹಿಂದಿನವರು ಈ ಬಲದೊಡನೆ ಗುದ್ದಾಡಲು ಹೋಗಲಿಲ್ಲ, ಅದಕ್ಕೆ ದಾರಿ ಬಿಟ್ಟರು. ಒಂದು ಮರದ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಆ ನಾಲಿಗೆ ಕೂರುವ ತೂತು, ಎರಡನ್ನೂ ದಾಟಿ ಹೋಗುವ ಮರದ ಮೊಳೆ. ಹಳೆಯ ಮನೆಗಳ ಕಂಬ, ತೊಲೆ, ಮುಚ್ಚಿಗೆಗಳನ್ನು ಹಿಡಿದಿಟ್ಟದ್ದು ಮುಖ್ಯವಾಗಿ ಈ ಕಟ್ಟು. ಬಾಗಿಲಿನ ಚೌಕಟ್ಟಿನೊಳಗಿನ ಹಲಗೆಗೆ ಅಂಟು ಹಾಕದೆ, ಗಾಡಿಯಲ್ಲಿ ಸಡಿಲವಾಗಿ ಕೂರಿಸುವುದೂ ಇದೇ ಬುದ್ಧಿ. ಇಂಥ ಕಟ್ಟಿಗೆ ಇನ್ನೊಂದು ಗುಣವಿದೆ: ಮೊಳೆ ತೆಗೆದರೆ ಬಿಚ್ಚಿಕೊಳ್ಳುತ್ತದೆ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಲು ಸಾಧ್ಯವಾದದ್ದು ಅವುಗಳನ್ನು ಕಟ್ಟಿದ್ದ ರೀತಿಯಿಂದ. ಕಾಂಕ್ರೀಟು ಮನೆಯನ್ನು ಹಾಗೆ ಎತ್ತಿ ತರಲಾಗದು.

ದೋಣಿಯದ್ದು ಇದರ ತಿರುಗುಮುರುಗು. ಬೇಸಾಯದ ದಿನಗಳಲ್ಲಿ ದಡದಲ್ಲಿ ಒಣಗಿದ ಮರದ ದೋಣಿ ನೀರಿಗಿಳಿದಾಗ ಮೊದಲು ಸಂದುಗಳಲ್ಲಿ ನೀರು ಜಿನುಗುತ್ತದೆ. ಹಲಗೆಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿ, ಸಂದು ತಾನಾಗಿ ಬಿಗಿಯಾಗುತ್ತದೆ. ಟೀಪಾಯಿಯನ್ನು ಸೀಳುವ ಗುಣವೇ ದೋಣಿಯನ್ನು ತೇಲಿಸುತ್ತದೆ. ಗಂಗೊಳ್ಳಿಯಲ್ಲಾಗಲಿ ಮಲ್ಪೆಯಲ್ಲಾಗಲಿ ಈಗ ಫೈಬರ್, ಉಕ್ಕಿನ ದೋಣಿಗಳೇ ಕಣ್ಣಿಗೆ ಹೆಚ್ಚು ಬೀಳುವುದರಿಂದ ಈ ಪಾಠ ಹೇಳುವ ದೋಣಿಗಳು ಕಡಿಮೆಯಾಗಿವೆ.

ಯಾವ ಮರ? ಸಾಗುವಾನಿ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಸಾಗುವಾನಿ ಬಹುಕಾಲ ನಮ್ಮ ಜನರ ಕೈಗೆ ಸುಲಭವಾಗಿ ಸಿಕ್ಕುವ ಮರವಾಗಿರಲಿಲ್ಲ. ಹಡಗುಗಳಿಗೆ ಮರ ಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿ, ಮಲಬಾರ್ ಮತ್ತು ಕೆನರಾದ ಸಾಗುವಾನಿಯ ಮೇಲೆ ತನ್ನ ಏಕಸ್ವಾಮ್ಯ ಹೇರಿತು. ಜನರ ಅಸಮಾಧಾನ ಬೆಳೆಯುತ್ತ ಹೋಗಿ, 1799-1800ರಲ್ಲಿ ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಮದ್ರಾಸಿನ ಗವರ್ನರನಾದ ಮೇಲೆ 1820ರ ದಶಕದ ಆರಂಭದಲ್ಲಿ ಆ ವ್ಯವಸ್ಥೆ ರದ್ದಾಯಿತು. ಮುಂಬಯಿ ಗೋದಿಯಲ್ಲಿ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಮರದ ಗುಣಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ನಮ್ಮ ಹಿತ್ತಿಲಿನಲ್ಲಿ ನಿಂತಿರುವುದು ಹೆಚ್ಚಾಗಿ ಹಲಸು.

ಹಲಸು ಸಾಗುವಾನಿಗೆ ಬಡ ತಮ್ಮನಲ್ಲ. ವೀಣೆಯ ಕೊಡ, ಮೃದಂಗದ ಕಳಸೆ, ಯಕ್ಷಗಾನದ ಮದ್ದಳೆ ಹಲಸಿನವು. ಬ್ರಹ್ಮಾವರ ತಾಲೂಕಿನ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಆಳೆತ್ತರದ ಬಣ್ಣದ ಉರುಗಳನ್ನು ನೋಡಿದವರಿಗೆ ಈ ಸೀಮೆಯ ಮರಗೆಲಸದ ಹರಹು ಗೊತ್ತಾಗುತ್ತದೆ. ಅಲ್ಲಿಂದ ತೆಗೆದ ಹಳೆಯ ಉರುಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದಲ್ಲಿವೆ. ಹಲಸಿನ ಕೆಚ್ಚು ಕೊಯ್ದಾಗ ಅರಸಿನ ಹಳದಿ, ಬೆಳಕಿಗೆ ಬಿದ್ದಂತೆ ಜೇನು ಬಣ್ಣ, ಕೊನೆಗೆ ಕಂದು. ಬರ್ಮಾ, ಥಾಯ್ಲೆಂಡಿನ ಭಿಕ್ಷುಗಳ ಕಾವಿಗೆ ಬಣ್ಣ ಕೊಟ್ಟದ್ದೂ ಈ ಕೆಚ್ಚೇ. (ಧೈರ್ಯವಂತನನ್ನು ಕೆಚ್ಚೆದೆಯವ ಎನ್ನುವಾಗ ನಾವು ಮರದ ಭಾಷೆ ಆಡುತ್ತಿರುತ್ತೇವೆ.) ಕೆಚ್ಚಿನ ಹೊರಗಿನ ಬಿಳಿ ಭಾಗವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ತೆಗೆದುಬಿಡಬೇಕು. ಅದರಲ್ಲಿ ಪಿಷ್ಟವಿರುತ್ತದೆ, ಕುಟ್ಟೆ ಹಿಡಿಯುವುದು ಅಲ್ಲಿಂದಲೇ. ಮರವನ್ನು ಕೆರೆ, ಹಿನ್ನೀರುಗಳಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಿದ್ದ ಪದ್ಧತಿಯಿಂದ ಪಿಷ್ಟದ ಸ್ವಲ್ಪ ಭಾಗ ಕರಗಿ ಹೋಗುತ್ತಿತ್ತು.

ಈಗಿನ ಸಂಕಟ ಬೇರೆ. ಮನೆ ಪಾಲಾಗುವಾಗ, ಹೊಸ ತಾರಸಿ ಮನೆ ಏಳುವಾಗ, ಹೆದ್ದಾರಿ 66 ಅಗಲವಾಗುವಾಗ ಅಜ್ಜ ನೆಟ್ಟ ಹಲಸು ಉರುಳುತ್ತದೆ. ಕಟ್ಟಿಗೆಯ ಲೆಕ್ಕದಲ್ಲಿ ಲಾರಿ ಹತ್ತುತ್ತದೆ. ತಿಂಗಳೊಳಗೆ ಅದೇ ಮನೆಗೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ ಟೀಪಾಯಿ ಬರುತ್ತದೆ. ಆ ಹಲಗೆ ಒಮ್ಮೆ ಅಂಚಿನಲ್ಲಿ ನೀರು ಕುಡಿದು ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನಂತಾಗದು. ಎರಡು ಮೂರು ಮಳೆಗಾಲಕ್ಕೆ ಅದರ ಆಯುಷ್ಯ ಮುಗಿದದ್ದನ್ನು ನೋಡಿದವರು ಬಹಳ. ಒಂದು ಟೀಪಾಯಿಗೆ ಬೇಕಾಗುವ ಮರವಾದರೂ ಎಷ್ಟು? ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಮುಖ, ಎರಡು ಇಂಚು ಚೌಕದ ನಾಲ್ಕು ಕಾಲು, ಅವುಗಳನ್ನು ಕೂಡಿಸುವ ಮೂರಿಂಚು ಅಗಲದ ನಾಲ್ಕು ಪಟ್ಟಿ: ಕೀಸುವಾಗ ಹೋಗುವುದನ್ನು ಸೇರಿಸಿದರೂ ಸುಮಾರು ಒಂದು ಘನ ಅಡಿ. ಮಧ್ಯಮ ಗಾತ್ರದ ಒಂದು ಕೊಂಬೆಯ ಮಾತು. ಮರ ಕಡಿಯುವ ಮುನ್ನ ಒಂದು ಎಚ್ಚರ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರಗಳಿಗೂ ಅನುಮತಿ ಬೇಕಾಗಬಹುದು, ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಹಸಿ ಹಲಗೆಯನ್ನು ಒಣಗಿಸುವುದರಲ್ಲೇ ಅರ್ಧ ಕೆಲಸವಿದೆ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ನೆರಳು, ಗಾಳಿ, ತಾಳ್ಮೆ ಬೇಕು. ದನಗಳು ಹೋದ ಮೇಲೆ ಖಾಲಿ ಬಿದ್ದಿರುವ ಹಟ್ಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮುಂದೆ ಮರಗೆಲಸದ ಕೊಟ್ಟಿಗೆಯಾಗಿಯೂ ಒದಗೀತು. ನೆಲದಿಂದ ಒಂದಡಿ ಎತ್ತರದಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುನಡುವೆ ಒಂದೇ ದಪ್ಪದ ರೀಪುಗಳನ್ನಿಟ್ಟು, ಮೇಲೆ ಭಾರ ಹೇರಬೇಕು. ಹಲಗೆಯ ಎರಡೂ ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು, ಏಕೆಂದರೆ ಕೊಳವೆಗಳ ಬಾಯಿ ಇರುವುದು ಅಲ್ಲಿ. ತುದಿ ಬೇಗ ಒಣಗಿ ಬಿರಿಯುತ್ತದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಅದನ್ನು ಕುರುಡಾಗಿ ನಂಬಬೇಕಾಗಿಲ್ಲ: ರಾಶಿಯಿಂದ ಒಂದು ತುಂಡನ್ನು ತೆಗೆದು ತೂಗಿ ಬರೆದಿಡಿ, ಹದಿನೈದು ದಿನಕ್ಕೊಮ್ಮೆ ಮತ್ತೆ ತೂಗಿ. ತೂಕ ಇಳಿಯುವುದು ನಿಂತಿತೆಂದರೆ ಮರ ನಮ್ಮ ಗಾಳಿಗೆ ಒಗ್ಗಿತೆಂದು ಅರ್ಥ. ಮಳೆಗಾಲದಲ್ಲಿ ನಿಂತ ತೂಕವನ್ನು ಮಾತ್ರ ನಂಬಬೇಡಿ. ಮಾರ್ಚ್, ಏಪ್ರಿಲ್ ದಾಟಲಿ.

ಕಟ್ಟುವ ಕೆಲಸದಲ್ಲಿ ಗರಗಸ, ಕೀಸುಳಿ, ಎರಡು ಮೂರು ಅಳತೆಯ ಉಳಿ, ಕೊಡತಿ, ಮೂಲೆಮಟ್ಟ ಇಷ್ಟಿದ್ದರೆ ಸಾಕು. ಕಾಲುಗಳಲ್ಲಿ ತೂತು, ಪಟ್ಟಿಗಳ ತುದಿಯಲ್ಲಿ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದರಷ್ಟು ಇರಲಿ. ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಏಟು ಬೇಕಾಗಬೇಕು. ಇಲ್ಲಿ ಅಂಟು ಹಾಕಬಹುದು. ಫೆವಿಕಾಲ್ 1959ರಲ್ಲಿ ಬರುವವರೆಗೆ ನಮ್ಮವರು ನೆಚ್ಚಿದ್ದು ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದ ಅಂಟನ್ನು. ಕರಾವಳಿಯ ತೇವಕ್ಕೆ ಅದು ಮೆತ್ತಗಾಗುತ್ತಿತ್ತು. ಮರದ ಮೊಳೆಯ ಆಸರೆ ಅದಕ್ಕೇ ಬೇಕಿತ್ತು.

ಎಡವುವ ಜಾಗ ಇರುವುದು ಮುಖವನ್ನು ಕೂರಿಸುವಲ್ಲಿ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿದ ಮುಖದ ಎಳೆ ಉದ್ದಕ್ಕೆ ಓಡುತ್ತದೆ. ಅದರಡಿಯ ಗಿಡ್ಡ ಪಟ್ಟಿಗಳ ಎಳೆ ಅಡ್ಡಕ್ಕೆ. ಮಳೆಗಾಲದಲ್ಲಿ ಮುಖ ಅಗಲವಾಗಲು ನೋಡುತ್ತದೆ, ಪಟ್ಟಿ ಕದಲುವುದಿಲ್ಲ. ಅಲ್ಲಿ ಅಂಟು ಸುರಿದು ಮೊಳೆ ಜಡಿದಿದ್ದರೆ ಮುಖ ಬಿಲ್ಲಿನಂತೆ ಬಾಗುತ್ತದೆ. ಅಂಟು ಹೇಗೋ ತಡೆದರೆ ಮುಂದಿನ ಫೆಬ್ರವರಿಯಲ್ಲಿ ಕುಗ್ಗುವಾಗ ನಡುರಾತ್ರಿ ‘ಟಪ್’ ಎಂದು ಸೀಳುತ್ತದೆ. ಪರಿಹಾರ ಸರಳ. ಪಟ್ಟಿಯ ಒಳಮೈಯಲ್ಲಿ ಒಂದು ಗಾಡಿ ಹೊಡೆದು, ತುದಿಗೆ ನಾಲಿಗೆಯಿರುವ ಹೆಬ್ಬೆರಳುದ್ದದ ಮರದ ತುಂಡುಗಳನ್ನು ಆ ಗಾಡಿಯಲ್ಲಿ ಕೂರಿಸಿ, ತುಂಡುಗಳನ್ನು ಮಾತ್ರ ಮುಖಕ್ಕೆ ತಿರುಪಿನಿಂದ ಬಿಗಿಯಬೇಕು. ಆಗ ಮುಖ ಅಗಲದಲ್ಲಿ ಸರಿದಾಡುತ್ತದೆ, ಮೇಲಕ್ಕೆ ಮಾತ್ರ ಏಳದು. ಬೇಸಗೆಯಲ್ಲಿ ಕೂರಿಸುವವರು ಉದ್ದ ಪಟ್ಟಿಗಳ ಬದಿಯ ತುಂಡುಗಳ ನಾಲಿಗೆಗೆ ಗಾಡಿಯೊಳಗೆ ಉಬ್ಬುವುದಕ್ಕೆಂದು ಮೂರು ನಾಲ್ಕು ಮಿ.ಮೀ. ಬಿಟ್ಟಿರಬೇಕು, ಮಳೆಯಲ್ಲಿ ಅದು ಒಳಸರಿಯುತ್ತದೆ. ಮಳೆಗಾಲದಲ್ಲಿ ಕೂರಿಸುವವರು ನಾಲಿಗೆ ಪೂರ್ತಿ ಒಳಗೆ ಹೋಗುವಂತೆ ಬಿಗಿಯಬೇಕು, ಮುಖ ಕುಗ್ಗುವಾಗ ಅದು ಹೊರಸರಿಯುತ್ತದೆ. ಪಂಚಾಂಗ ನೋಡಿ ಮಾಡಬೇಕಾದ ಕೆಲಸವೆಂದರೆ ಇದು.

ಪಾಲಿಷಿಗೆ ಗೇರುಎಣ್ಣೆ ಬೇಡ. ಪಕಾಸು, ರೀಪು, ದೋಣಿಗಳಿಗೆ ಹುಳು ತಾಗದಂತೆ ಅದನ್ನು ಬಳಿಯುವ ರೂಢಿ ನಮ್ಮಲ್ಲಿ ಇದ್ದುದು ನಿಜ. ಆದರೆ ಚರ್ಮ ಸುಡುವ ಆ ಕಪ್ಪು ಎಣ್ಣೆ ಲೋಟ ಇಡುವ ಜಾಗಕ್ಕಲ್ಲ. ಅರಗಿನ ಪಾಲಿಷು ಹಲಸಿನ ಬಣ್ಣವನ್ನು ಚೆನ್ನಾಗಿ ಎತ್ತಿಕೊಡುತ್ತದೆ, ಬಿಸಿ ಕಾಫಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಮೂಡುವುದೊಂದು ಕೊರತೆ. ಅಗಸೆ ಎಣ್ಣೆ ತಿಕ್ಕಿದರೆ ಆ ಭಯ ಕಡಿಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಒಣಹಾಕಿ. ಯಾವ ಪಾಲಿಷಾದರೂ ಮುಖದ ಅಡಿಭಾಗಕ್ಕೂ ಅಷ್ಟೇ ಕೈ ಕೊಡಬೇಕು. ಮೇಲೆ ಮಾತ್ರ ಕೊಟ್ಟರೆ ಅಡಿಯಿಂದ ತೇವ ಏರಿ ಹಲಗೆ ಬಟ್ಟಲಾಗುತ್ತದೆ. ಹಲಸಿನದಾದರೆ ಮೊದಲ ವರ್ಷ ಹೂದಾನಿಯನ್ನು ಒಂದೇ ಕಡೆ ಇಡಬೇಡಿ. ಬೆಳಕು ತಾಗದ ಅಷ್ಟು ಜಾಗ ಹಳದಿಯಾಗಿಯೇ ಉಳಿಯುತ್ತದೆ. ಟೀಪಾಯಿ ಮಾಡಿದ ವರ್ಷ ಆಗಸ್ಟಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಮುಖದ ಅಗಲವನ್ನು ಅಳೆದು, ಅಡಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಎರಡನೆಯ ಟೀಪಾಯಿಗೆ ಎಷ್ಟು ಜಾಗ ಬಿಡಬೇಕೆಂಬುದು ಅಲ್ಲೇ ಸಿಗುತ್ತದೆ.